ಗಂಬೋ ಎಂಬ ಪಾಕವಿಶೇಷ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣಭಾಗದಲ್ಲಿ, ಮಿಸಿಸಿಪಿ ಮಹಾನದಿಯು ಸಮುದ್ರವನ್ನು ಸೇರುವೆಡೆಯಲ್ಲಿ, ಲೂಯಿಸಿಯಾನವೆಂಬ ಸಂಸ್ಥಾನವೊಂದುಂಟು. ನೀರೂ ನೆಲವೂ ಬೆರೆತುಕೊಂಡಿರುವ ಜೌಗು ಸೀಮೆ ಅದು. ಮೆಲ್ಲಮೆಲ್ಲನೆ ಹರಿಯುವ ಹಳ್ಳಗಳೂ, ಬತ್ತದ ಗದ್ದೆಗಳೂ, ಸೀಗಡಿ ಏಡಿಗಳೂ ಅಲ್ಲಿ ಯಥೇಷ್ಟ. ಆ ಸೀಮೆಯಲ್ಲಿ ಕೇಜನ್ ಎಂಬ ಜನರಿರುವರು. ಚಳಿಗಾಲದ ಮೊದಲನೆಯ ತಣ್ಣನೆಯ ಗಾಳಿ ಬೀಸಿದ ದಿನ ಅವರ ಮನೆಗಳಲ್ಲಿ ಒಂದು ದೊಡ್ಡ ಪಾತ್ರೆ ಒಲೆಯನ್ನೇರುವುದು. ಅದರಲ್ಲಿ ಬೇಯುವ ವ್ಯಂಜನಕ್ಕೆ ಗಂಬೋ ಎಂದು ಹೆಸರು. ನಮ್ಮ ಹುಳಿಗಿಂತ ತೆಳುವಾಗಿಯೂ ಸಾರಿಗಿಂತ ಮಂದವಾಗಿಯೂ ಇರುವ, ಕಡುಗಂದು ಬಣ್ಣದ ಈ ಪದಾರ್ಥವನ್ನು ಬಿಸಿ ಅನ್ನದ ಮೇಲೆ ಸುರಿದುಕೊಂಡು ಉಣ್ಣುವರು. ೨೦೦೪ರಲ್ಲಿ ಆ ಸಂಸ್ಥಾನವು ಇದನ್ನೇ ತನ್ನ ಅಧಿಕೃತ ಪಾಕವೆಂದು ಗೊತ್ತುಮಾಡಿಕೊಂಡಿತು.

ನಮ್ಮ ತಮ್ಮನ ಮಗಳು ಪತಿಯೊಡನೆ ಅಲ್ಲಿಯ ಲಾಫಯೆಟ್ ನಗರದಲ್ಲಿ ಕೆಲವು ವರ್ಷಗಳಿಂದ ವಾಸವಾಗಿರುವಳು. ನೆರೆಮನೆಯ ವೃದ್ಧೆಯೊಬ್ಬರಿಂದ ಈ ಪಾಕವನ್ನು ಕಲಿತು, ಕ್ರಮವನ್ನೆಲ್ಲ ಬರೆದುಕೊಂಡು, ಹೋದ ಬೇಸಗೆಯಲ್ಲಿ ಊರಿಗೆ ಬಂದಾಗ ನಮ್ಮ ಅಡಿಗೆಮನೆಯಲ್ಲಿಯೇ ಬೆಂಡೆಕಾಯಿಯ ಗಂಬೋ ಮಾಡಿ ಬಡಿಸಿದಳು. ಇದನ್ನು ಕುರಿತು ಈ ಪುಟದಲ್ಲಿ ಬರೆಯುವೆವೆಂದು ಹೇಳಿದಾಗ ಅವಳು, "ದೊಡ್ಡಪ್ಪ, ಎಷ್ಟು ಹಿಟ್ಟು ಎಷ್ಟು ಎಣ್ಣೆಯೆಂದು ಮಾತ್ರ ಬರೆದರೆ ಸಾಲದು; ಇದು ಯಾರುಯಾರ ಕೈ ದಾಟಿ ಬಂದಿದೆಯೆಂಬುದನ್ನೂ ಬರೆಯಿರಿ" ಎಂದಳು. ಅವಳ ಮಾತು ನಮಗೂ ಸರಿದೋರಿತು.

ಮೊದಲಿಗೆ ಒಂದು ಮಾತನ್ನು ಬಿಚ್ಚಿ ಹೇಳತಕ್ಕದ್ದಿದೆ. ನಾವು ಸಸ್ಯಾಹಾರಿಗಳು, ವಾಚಕರಲ್ಲಿ ಹಲವರೂ ಹಾಗೆಯೇ. ಗಂಬೋವಾದರೋ ಬಹುಪಾಲು ಕೋಳಿ, ಹಂದಿ, ಸೀಗಡಿಗಳಿಂದ ಆಗತಕ್ಕದ್ದು. ಬೇಳೆ ಬೇಯಿಸಿ, ಹುಣಿಸೆಹಣ್ಣು ಹಿಂಡಿ, ಅದಕ್ಕೆ ಗಂಬೋ ಎಂದು ಹೆಸರಿಟ್ಟು ಬರೆಯುವುದು ಸುಲಭ. ಅಂತಹ ಲೇಖನಗಳನ್ನೂ ನಾವು ನೋಡಿರುವೆವು. ಅನ್ಯರ ಪಾಕವನ್ನು ಹೇಳಹೊರಟವನು ಅದರ ನಿಜರೂಪವನ್ನು ಮರೆಮಾಚುವುದು ನಮ್ಮ ಮನಸ್ಸಿಗೆ ಒಪ್ಪದು. ಆದುದರಿಂದ ಮಾಂಸಾಹಾರವುಳ್ಳ ಮನೆಗಳವರಿಗಾಗಿ ಅದರ ಸಾಂಪ್ರದಾಯಿಕ ಕ್ರಮವನ್ನು ಇದ್ದಂತೆಯೇ ಹೇಳಿ, ತರುವಾಯ ಆ ಜನರೇ ಮಾಂಸವಿಲ್ಲದೆ ಮಾಡಿಕೊಳ್ಳುವ ಬಗೆಗಳನ್ನು ತಿಳಿಸುವೆವು.

ಹೆಸರಿನಿಂದಲೇ ಆರಂಭಿಸೋಣ. ಆಫ್ರಿಕಾ ಖಂಡದ ಬಂಟು ಭಾಷೆಗಳಲ್ಲಿ ಕೆಲವುಗಳೊಳಗೆ ಬೆಂಡೆಕಾಯಿಗೆ 'ಕಿಂಗೊಂಬೊ' ಎಂಬ ಹೆಸರುಂಟು. ಮೊದಲಕ್ಷರವು ಲೋಪವಾಗಿ 'ಗೊಂಬೊ' ಎಂದಾಗಿ, ಲೂಯಿಸಿಯಾನದ ಫ್ರೆಂಚರ ಬಾಯಲ್ಲಿ ಬೆಂಡೆಕಾಯಿಗೂ, ಬೆಂಡೆಕಾಯಿ ಹಾಕಿದ ವ್ಯಂಜನಕ್ಕೂ ಅದೇ ಹೆಸರಾಯಿತು. ಹೀಗಾಗಿ ಇಂದು ಬೆಂಡೆಯ ಸೋಂಕೇ ಇಲ್ಲದ ಪಾತ್ರೆಯ ಮೇಲೂ ಬೆಂಡೆಯ ಹೆಸರೇ ನಿಂತಿದೆ. ಆ ಹೆಸರನ್ನು ತಂದವರು ಸ್ವೇಚ್ಛೆಯಿಂದ ಬಂದವರಲ್ಲ. ೧೭೧೯ರಲ್ಲಿ ಆಫ್ರಿಕಾದಿಂದ ದಾಸರನ್ನು ಹೊತ್ತ ಮೊದಲ ಹಡಗುಗಳು ಲೂಯಿಸಿಯಾನಕ್ಕೆ ಬಂದುವು. ಬತ್ತದ ಬೀಜವನ್ನೂ, ಬತ್ತದ ಬೇಸಾಯವನ್ನು ಬಲ್ಲ ಜನರನ್ನೂ ಹುಡುಕಿ ತರಬೇಕೆಂದು ಆ ಹಡಗುಗಳ ಕಪ್ತಾನರಿಗೆ ಆಜ್ಞೆಯಾಗಿತ್ತಂತೆ. ಬೆಂಡೆಯೂ, ಅನ್ನವೂ, ಅವೆರಡನ್ನೂ ಕೂಡಿಸಿ ಉಣ್ಣುವ ಪದ್ಧತಿಯೂ ಈ ಜನರಿಂದ ಬಂದುವು. ಪರರ ಮನೆಯ ಒಲೆಯ ಮುಂದೆ ನಿಂತು ಪರರಿಗಾಗಿ ಬೇಯಿಸಿದ ಆ ಹೆಂಗಸರಲ್ಲಿ ಬಹುಮಂದಿಯ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ೧೮೮೫ರಲ್ಲಿ ಲಾಫ್ಕಾಡಿಯೊ ಹರ್ನ್ ಎಂಬ ಗ್ರಂಥಕರ್ತನು ನ್ಯೂ ಆರ್ಲಿಯನ್ಸ್ ನಗರದ ಪಾಕಗಳನ್ನು ಕೂಡಿಸಿ ಅಚ್ಚುಹಾಕಿಸಿದ ಪುಸ್ತಕದಲ್ಲಿ ಗಂಬೋವಿನ ಹಲವು ಬಗೆಗಳುಂಟು. ಮುಖಪತ್ರದಲ್ಲಿ ಮಾತ್ರ ಅಡಿಗೆಯವರ ಹೆಸರಿಲ್ಲ.

ಇನ್ನು ಕೇಜನರ ವೃತ್ತಾಂತ. ಇವರ ಪೂರ್ವಿಕರು ಫ್ರಾನ್ಸ್ ದೇಶದಿಂದ ಹೊರಟು, ಈಗಿನ ಕೆನಡಾದ ಪೂರ್ವತೀರದಲ್ಲಿ ೧೬೦೫ರಿಂದೀಚೆಗೆ ನೆಲೆನಿಂತ ಒಕ್ಕಲಿಗರು. ಆ ಪ್ರಾಂತಕ್ಕೆ ಅಕಾಡಿ ಎಂದು ಹೆಸರು. ಸಮುದ್ರದ ಉಬ್ಬರವನ್ನು ಮಣ್ಣಿನ ಕಟ್ಟೆಗಳಿಂದ ತಡೆದು, ಉಪ್ಪುನೆಲವನ್ನು ಹಸನುಮಾಡಿಕೊಂಡು, ಗೋದಿ, ಎಲೆಕೋಸು, ಟರ್ನಿಪ್ ಗೆಡ್ಡೆಗಳನ್ನು ಬೆಳೆದುಕೊಂಡಿದ್ದರು. ೧೭೧೩ರಲ್ಲಿ ಆ ಸೀಮೆ ಇಂಗ್ಲಿಷರ ವಶವಾಯಿತು. ತಮ್ಮ ಅರಸನಿಗೆ ಯಾವ ನಿಬಂಧನೆಯೂ ಇಲ್ಲದೆ ವಿಧೇಯರಾಗಿರುವೆವೆಂದು ಪ್ರಮಾಣಮಾಡಿರೆಂದು ಇಂಗ್ಲಿಷರು ಕೇಳಿದರು, ಇವರು ಒಪ್ಪಲಿಲ್ಲ. ೧೭೫೫ರಲ್ಲಿ ದಂಡು ಬಂದು, ಮನೆಗಳಿಗೂ ಕಣಜಗಳಿಗೂ ಬೆಂಕಿಯಿಟ್ಟು, ಸಾವಿರಾರು ಮಂದಿಯನ್ನು ಹಡಗುಗಳಿಗೆ ತುಂಬಿ, ಕಂಡಕಂಡ ರೇವುಗಳಲ್ಲಿ ಇಳಿಸಿಬಿಟ್ಟಿತು. ದಂಪತಿಗಳು ಅಗಲಿದರು, ಮಕ್ಕಳು ತಪ್ಪಿದರು, ರೋಗದಿಂದ ಹಡಗಿನಲ್ಲಿಯೇ ಸತ್ತವರೂ ಬಹಳ. ಹತ್ತು ವರ್ಷ ಅಲೆದ ಮೇಲೆ, ೧೭೬೫ರಲ್ಲಿ, ಬೋಸೊಲೈ ಎಂದು ಪ್ರಸಿದ್ಧನಾದ ಜೋಸೆಫ್ ಬ್ರೂಸಾರ್ ಎಂಬವನ ಹಿಂದೆ ಒಂದು ಗುಂಪು ಲೂಯಿಸಿಯಾನಕ್ಕೆ ಬಂದು ಸೇರಿತು. ೧೭೮೫ರಲ್ಲಿ ಫ್ರಾನ್ಸಿನಿಂದ ಏಳು ಹಡಗುಗಳಲ್ಲಿ ಸುಮಾರು ೧,೬೦೦ ಮಂದಿ ಬಂದರು. 'ಅಕಾಡಿಯನ್' ಎಂಬುದು 'ಕಾಡಿಯನ್' ಆಗಿ, ಇಂಗ್ಲಿಷರ ನಾಲಗೆಯಲ್ಲಿ 'ಕೇಜನ್' ಆಯಿತು.

ಗೋದಿಯ ಸೀಮೆಯಿಂದ ಬಂದವರಿಗೆ ಈ ಜೌಗುನೆಲದಲ್ಲಿ ಗೋದಿ ಸರಿಯಾಗಿ ಬೆಳೆಯಲಿಲ್ಲ. ಅನ್ನವನ್ನು ರೂಢಿಮಾಡಿಕೊಂಡರು. ದೊಡ್ಡ ಪಾತ್ರೆಯೊಂದರಲ್ಲಿ ಕೈಗೆ ಸಿಕ್ಕಿದುದನ್ನೆಲ್ಲ ಹಾಕಿ ನಿಧಾನವಾಗಿ ಬೇಯಿಸುವ ಅಭ್ಯಾಸವನ್ನು ಮಾತ್ರ ಬಿಡಲಿಲ್ಲ. ಆ ಪಾತ್ರೆಗೆ ಬೆಂಡೆ ಆಫ್ರಿಕದವರಿಂದ ಬಂದಿತು. ಬೆಂಡೆಯಿಲ್ಲದ ಚಳಿಗಾಲಕ್ಕೆ ಮತ್ತೊಂದು ದ್ರವ್ಯವು ಆ ನೆಲದ ಮೂಲನಿವಾಸಿಗಳಾದ ಚಾಕ್ಟಾ ಜನರಿಂದ ದೊರೆಯಿತು. ಸಾಸಫ್ರಾಸ್ ಎಂಬ ಮರದ ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದ ಹಸುರು ಪುಡಿ ಅದು. ಫ್ರೆಂಚರು ಅದನ್ನು 'ಫಿಲೇ' ಎಂದರು. ನೂಲಿನಂತೆ ಎಳೆಯಾದುದು ಎಂದು ಅರ್ಥ. ಬಿಸಿಯಾದ ಗಂಬೋವಿಗೆ ಇದನ್ನು ಚಿಟಿಕೆಯಷ್ಟು ಉದುರಿಸಿದರೆ ರಸವು ಮಂದವಾಗಿ, ಮಣ್ಣಿನ ಪರಿಮಳವನ್ನು ಹೋಲುವ ಒಂದು ಬಗೆಯ ಘಮ ಬರುವುದು. ಒಲೆಯ ಮೇಲೆ ಕುದಿಯುವಾಗ ಹಾಕಿದರೋ, ಹೆಸರಿಗೆ ತಕ್ಕಂತೆ ಎಳೆಯೆಳೆಯಾಗಿ ಅಂಟಂಟಾಗುವುದು. ಆದಕಾರಣ ಇದನ್ನು ಪಾತ್ರೆ ಇಳಿಸಿದ ಮೇಲೆ, ಅಥವಾ ಊಟಕ್ಕೆ ಕುಳಿತಾಗ ಅವರವರ ಬಟ್ಟಲಿಗೆ, ಹಾಕಿಕೊಳ್ಳತಕ್ಕದ್ದು. ಬೆಂಡೆಯೂ ಮಂದಮಾಡುವ ವಸ್ತುವೇ ಆದುದರಿಂದ ಸಾಮಾನ್ಯವಾಗಿ ಎರಡರಲ್ಲೊಂದನ್ನೇ ಬಳಸುವರು. ಆ ಮರದ ಬೇರಿನ ಎಣ್ಣೆಯಲ್ಲಿ ದೋಷವಿದೆಯೆಂದು ೧೯೬೦ರಲ್ಲಿ ಅಮೆರಿಕಾ ಸರಕಾರವು ಅದನ್ನು ಆಹಾರದಲ್ಲಿ ನಿಷೇಧಿಸಿತು. ಎಲೆಯಲ್ಲಿ ಆ ಅಂಶವು ಅತ್ಯಲ್ಪವಾದುದರಿಂದ ಫಿಲೇ ಪುಡಿಗೆ ಅಡ್ಡಿಯಿಲ್ಲ. ನಮ್ಮ ದೇಶದಲ್ಲಿ ಇದು ಸುಲಭವಾಗಿ ದೊರೆಯದು. ಬೆಂಡೆಯಂತೂ ಸಂತೆ ಸಂತೆಯಲ್ಲಿಯೂ ಉಂಟು.

ಈಗ ಪಾಕದ ಪ್ರಾಣಕ್ಕೆ ಬರೋಣ. ಹಿಟ್ಟನ್ನು ಜಿಡ್ಡಿನಲ್ಲಿ ಹುರಿದುದಕ್ಕೆ ಫ್ರೆಂಚಿನಲ್ಲಿ 'ರೂ' ಎಂದು ಹೆಸರು. ಕೆಂಗಂದು ಎಂದು ಇದರ ಅರ್ಥ. ಲ್ಯಾಟಿನಿನ 'ರುಸ್ಸುಸ್' ಎಂಬುದರಿಂದ ಬಂದ ಈ ಶಬ್ದಕ್ಕೂ, ನಮ್ಮ 'ರುಧಿರ', 'ರೋಹಿತ' ಎಂಬ ಶಬ್ದಗಳಿಗೂ ಧಾತು ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುವರು. ಸಂಸ್ಕೃತವನ್ನು ಓದಿದವರಿಗೆ ಹೊರದೇಶದ ಬಾಣಲೆಯಲ್ಲಿ ಇಂತಹ ನಂಟರು ಸಿಕ್ಕಿದರೆ ಆಗುವ ಸಂತೋಷವನ್ನು ವಾಚಕರು ಮನ್ನಿಸಬೇಕು. ಫ್ರಾನ್ಸಿನಲ್ಲಿ ಬೆಣ್ಣೆಯಲ್ಲಿ ಹಿಟ್ಟನ್ನು ಕೊಂಚವೇ ಹುರಿದು ನಿಲ್ಲಿಸುವರು. ಕೇಜನರು ಎಣ್ಣೆಯಲ್ಲಿ, ಹಿಂದೆ ಹಂದಿಯ ಕೊಬ್ಬಿನಲ್ಲಿ, ಅದು ಕಡುಗಂದಾಗುವವರೆಗೂ ಹುರಿಯುವರು. ಗಂಬೋವಿನ ರುಚಿಯೆಲ್ಲವೂ ಇಲ್ಲಿಯೇ ನಿಶ್ಚಯವಾಗುವುದು. ಮುಂದೆ ಏನು ಹಾಕಿದರೂ ರೂ ಕೆಟ್ಟಿದ್ದರೆ ಸರಿಪಡಿಸಲಾಗದು.

ದಪ್ಪ ತಳದ ಪಾತ್ರೆ ಬೇಕು. ಅಲ್ಲಿಯವರು ಬೀಡುಕಬ್ಬಿಣದ ಪಾತ್ರೆಯನ್ನು ತಲೆಮಾರಿನಿಂದ ತಲೆಮಾರಿಗೆ ಕೊಟ್ಟುಕೊಂಡು ಬರುವರು. ಚಪ್ಪಟೆ ತುದಿಯ ಮರದ ಸೌಟೊಂದಿರಲಿ. ಒಂದು ಬಟ್ಟಲು ಕಡಲೆಕಾಯಿ ಎಣ್ಣೆಗೆ ಅದೇ ಬಟ್ಟಲಿನಿಂದ ಒಂದು ಬಟ್ಟಲು ಮೈದಾಹಿಟ್ಟು. ಬಟ್ಟಲೆಂದರೆ ಸುಮಾರು ಕಾಲು ಲೀಟರು ಹಿಡಿಯುವುದು. ಎಣ್ಣೆ ಕಾದ ಮೇಲೆ ಹಿಟ್ಟನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ, ಗಂಟಿಲ್ಲದಂತೆ ಕಲಸಿ, ಉರಿಯನ್ನು ತಗ್ಗಿಸಿ, ಕೈಬಿಡದೆ ತಿರುವುತ್ತಿರಬೇಕು. ಮೊದಲ ಹತ್ತು ನಿಮಿಷ ಏನೂ ಆಗದಂತೆ ತೋರುವುದು. ಅನಂತರ ಹಸಿಹಿಟ್ಟಿನ ವಾಸನೆ ಹೋಗಿ, ಬೇಸನ್ ಉಂಡೆಗೆ ಕಡಲೆಹಿಟ್ಟನ್ನು ಹುರಿಯುವಾಗ ಬರುವಂತಹ ಘಮ ಏಳುವುದು. ಬಣ್ಣವು ಮರಳಿನಂತಾಗಿ, ಕಡಲೆಕಾಯಿ ಸಿಪ್ಪೆಯಂತಾಗಿ, ಅಚ್ಚುಬೆಲ್ಲದಂತಾಗಿ, ಹುಣಿಸೆಹಣ್ಣು ಕಾಣದ ತಾಮ್ರದ ಚೊಂಬಿನಂತಾಗಿ, ಕಡೆಗೆ ಹುರಿದ ಕಾಫಿಬೀಜದ ಬಣ್ಣವನ್ನು ಸಮೀಪಿಸುವುದು. ಇಷ್ಟಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುವುದು. ಈ ನಡುವೆ ಬಾಗಿಲಿಗೆ ಯಾರೇ ಬರಲಿ, ಟೆಲಿಫೋನು ಎಷ್ಟೇ ಕೂಗಿಕೊಳ್ಳಲಿ, ಒಲೆಯ ಮುಂದಿನಿಂದ ಕದಲಬಾರದು. ಬೆಲ್ಲದ ಬಣ್ಣ ದಾಟಿದ ಮೇಲೆ ಒಂದು ನಿಮಿಷದ ಅಲಕ್ಷ್ಯ ಸಾಕು, ತಳ ಹಿಡಿದು ಕರಿಯ ಚುಕ್ಕೆಗಳು ತೇಲುವುವು. ಚುಕ್ಕೆ ಕಂಡಿತೆಂದರೆ ಸೋಸಿ ಪ್ರಯೋಜನವಿಲ್ಲ, ಸಕ್ಕರೆ ಹಾಕಿ ಪ್ರಯೋಜನವಿಲ್ಲ. ಚೆಲ್ಲಿ, ಪಾತ್ರೆ ತೊಳೆದು, ಮೊದಲಿನಿಂದ ಆರಂಭಿಸತಕ್ಕದ್ದು. ಕಾದ ರೂ ಮೈಮೇಲೆ ಸಿಡಿದರೆ ಅಂಟಿಕೊಂಡು ಸುಡುವುದರಿಂದ ಮಕ್ಕಳನ್ನು ದೂರವಿಡಬೇಕು.

ಇಲ್ಲಿ ಒಂದು ಸೂಕ್ಷ್ಮವುಂಟು. ಹಿಟ್ಟು ಹುರಿದಷ್ಟೂ ಅದರ ಪಿಷ್ಟವು ಒಡೆದು, ರಸವನ್ನು ಮಂದಮಾಡುವ ಶಕ್ತಿ ಕುಗ್ಗುವುದು. ರುಚಿ ಮಾತ್ರ ಏರುವುದು. ಆದುದರಿಂದಲೇ ಕಡುಗಂದಿನ ರೂ ಹಾಕಿದ ಗಂಬೋ ತೆಳುವಾಗಿರುವುದು, ಬೆಂಡೆಯೋ ಫಿಲೇಯೋ ಅದರ ನೆರವಿಗೆ ಬರುವುದು. ತೆಳುವಾಯಿತೆಂದು ಹೆದರಿ ಮತ್ತಷ್ಟು ಹಸಿಹಿಟ್ಟನ್ನು ಕದಡಿ ಹಾಕುವ ಪದ್ಧತಿ ನಮ್ಮ ಅಡಿಗೆಮನೆಗಳಲ್ಲಿದೆಯಷ್ಟೆ. ಇಲ್ಲಿ ಅದು ಕೂಡದು.

ಪೌಲ್ ಪ್ರುಡೋಮ್ ಎಂಬ ಪ್ರಖ್ಯಾತ ಕೇಜನ್ ಪಾಕಶಾಸ್ತ್ರಜ್ಞನು (೧೯೪೦-೨೦೧೫) ಎಣ್ಣೆಯನ್ನು ಹೊಗೆಯಾಡುವಷ್ಟು ಕಾಯಿಸಿ ಕೆಲವೇ ನಿಮಿಷಗಳಲ್ಲಿ ರೂ ಮುಗಿಸುತ್ತಿದ್ದನು. ಅದು ನುರಿತ ಕೈಯ ಕೆಲಸ. ಹೊಸಬರು ಅದನ್ನು ಅನುಕರಿಸಿದರೆ ಹಿಟ್ಟೂ ಹೋಗುವುದು, ಕೈಯೂ ಬೇಯುವುದು. ಈಚೆಗೆ ಲೂಯಿಸಿಯಾನದ ಅಂಗಡಿಗಳಲ್ಲಿ ಹುರಿದು ಸಿದ್ಧಮಾಡಿದ ರೂ ಸೀಸೆಗಳಲ್ಲಿ ದೊರೆಯುವುದಂತೆ. ಅನೇಕ ಕೇಜನ್ ಗೃಹಿಣಿಯರು ಅದನ್ನೇ ಬಳಸುವರಂತೆ. ಇದನ್ನು ಕೇಳಿ ನಾವು ಹುಬ್ಬುಗಂಟಿಕ್ಕಿದೆವು. ನಮ್ಮ ಮನೆಯವರು, "ನೀವು ಒಂದು ದಿನ ಮುಕ್ಕಾಲು ಗಂಟೆ ಒಲೆಯ ಮುಂದೆ ನಿಂತು ತಿರುವಿ, ಆಮೇಲೆ ಬರೆಯಿರಿ" ಎಂದರು. ಹೀಗಿರಲು ಆ ಸೀಸೆಯನ್ನು ಕುರಿತು ಹೆಚ್ಚು ಹೇಳದಿರುವುದೇ ಲೇಸು.

ರೂ ಸಿದ್ಧವಾಗುವ ಮೊದಲೇ ತರಕಾರಿಯನ್ನು ಹೆಚ್ಚಿಟ್ಟುಕೊಂಡಿರಬೇಕು: ದೊಡ್ಡ ಈರುಳ್ಳಿ ಎರಡು, ದಪ್ಪಮೆಣಸಿನಕಾಯಿ ಒಂದು, ಸೆಲೆರಿಯ ದಂಟು ಮೂರು. ಈ ಮೂರನ್ನು ಅಲ್ಲಿಯವರು 'ಪವಿತ್ರ ತ್ರಿಮೂರ್ತಿ' ಎನ್ನುವರು. ಅವರ ಮತದ ತ್ರಿಮೂರ್ತಿಗಳ ಹೆಸರನ್ನು ತಮಾಷೆಗೆ ತರಕಾರಿಗಿಟ್ಟುದು. ರೂ ಬೇಕಾದ ಬಣ್ಣಕ್ಕೆ ಬಂದೊಡನೆಯೇ ಇವನ್ನು ಅದರಲ್ಲಿ ಸುರಿಯತಕ್ಕದ್ದು. ಭರ್ರೆಂದು ಆವಿಯೇಳುವುದು, ಮುಖವನ್ನು ಹಿಂದಕ್ಕಿಟ್ಟುಕೊಳ್ಳಬೇಕು. ತರಕಾರಿಯ ನೀರಿನಿಂದ ರೂ ತಣಿದು, ಬಣ್ಣವು ಅಲ್ಲಿಗೆ ನಿಲ್ಲುವುದು. ಹೆಚ್ಚಿಕೊಳ್ಳುವುದನ್ನು ಮರೆತು ರೂ ಹುರಿಯುವವರು ಉಪ್ಪಿನಕಾಯಿ ಭರಣಿಯನ್ನು ತೊಳೆಯದೆ ಮಾವಿನಕಾಯಿ ಕೊಯ್ದವರಂತೆ. ಎಂಟು ಹತ್ತು ನಿಮಿಷ ಬಾಡಿಸಿ, ಜಜ್ಜಿದ ಬೆಳ್ಳುಳ್ಳಿ ಐದಾರು ಎಸಳು ಹಾಕುವುದು.

ಎಂಟು ಜನಕ್ಕೆ ಎಲುಬುಸಹಿತವಾದ ಕೋಳಿಮಾಂಸ ಒಂದೂವರೆ ಕಿಲೋ, ಆಂಡೂಯಿ ಎಂಬ, ಹೊಗೆಯಲ್ಲಿ ಹದಗೊಳಿಸಿದ ಹಂದಿಮಾಂಸದ ಸಾಸೇಜು ಅರ್ಧ ಕಿಲೋ. ಇವೆರಡನ್ನೂ ಮೊದಲೇ ಬೇರೆ ಬಾಣಲೆಯಲ್ಲಿ ಕೆಂಪಗೆ ಹುರಿದಿಟ್ಟುಕೊಳ್ಳಬೇಕು. ಕೋಳಿಯ ಎಲುಬಿನ ಕಟ್ಟನ್ನು, ಇಲ್ಲವೆ ಬಿಸಿನೀರನ್ನು, ಎರಡೂವರೆ ಲೀಟರಿನಷ್ಟು ಒಂದೊಂದೇ ಸೌಟಾಗಿ ರೂವಿಗೆ ಬೆರೆಸಿ ಕುದಿಯಲಿಟ್ಟು, ಉಪ್ಪು, ಅರ್ಧ ಚಮಚ ಕೆಂಪು ಮೆಣಸಿನಪುಡಿ, ಸ್ವಲ್ಪ ಕರಿಮೆಣಸಿನಪುಡಿ, ದೊರೆತರೆ ಥೈಮ್ ಎಲೆ ಹಾಕಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡುವುದು. ಆಮೇಲೆ ಕೋಳಿಯನ್ನೂ ಸಾಸೇಜನ್ನೂ ಸೇರಿಸಿ ಇನ್ನೊಂದು ಗಂಟೆ. ಮೇಲೆ ತೇಲುವ ಜಿಡ್ಡನ್ನು ಆಗಾಗ ಸೌಟಿನಿಂದ ತೆಗೆಯಬೇಕು. ಇಳಿಸುವ ಮುಂಚೆ ಎಳೆ ಈರುಳ್ಳಿಸೊಪ್ಪು, ಪಾರ್ಸ್ಲಿಸೊಪ್ಪುಗಳನ್ನು ಹೆಚ್ಚಿ ಉದುರಿಸುವುದು. ಸೀಗಡಿಯ ಗಂಬೋವಾದರೆ ಸೀಗಡಿಯನ್ನು ಕೊನೆಯ ಐದು ನಿಮಿಷದಲ್ಲಿ ಹಾಕತಕ್ಕದ್ದು. ಹೆಚ್ಚು ಬೆಂದರೆ ರಬ್ಬರಿನಂತಾಗುವುದು. ಕೋಳಿಯ ಗಂಬೋವಿನಲ್ಲಿ ಕೇಜನರು ಟೊಮೇಟೊ ಹಾಕುವುದಿಲ್ಲ. ನ್ಯೂ ಆರ್ಲಿಯನ್ಸ್ ನಗರದ ಕ್ರಿಯೋಲ್ ಮನೆತನಗಳಲ್ಲಿ ಕೆಲವರು ಹಾಕುವುದುಂಟು, ಈ ಒಂದು ವಿಷಯದಲ್ಲಿ ಎರಡು ಪಕ್ಷದವರಿಗೂ ನಡೆಯುವ ವಾದವು ನಮ್ಮ ತರ್ಕಪಂಡಿತರನ್ನೂ ನಾಚಿಸುವಂತಹುದು. ಕೆಲವು ಕೇಜನ್ ಮನೆಗಳಲ್ಲಿ ಗಂಬೋವಿನ ಬಟ್ಟಲಿಗೇ ಆಲೂಗೆಡ್ಡೆಯ ಕೋಸಂಬರಿಯಂತಹ ಪದಾರ್ಥವೊಂದನ್ನು ಹಾಕಿಕೊಳ್ಳುವರಂತೆ. ಅನ್ನದ ಜೊತೆಗೆ ಅದೂ ಏಕೋ ನಮಗೆ ತಿಳಿಯದು.

ನೆರೆಮನೆಯ ಆ ವೃದ್ಧೆಯು ಸೌಟು ತಿರುವುವಾಗ ಎಣಿಕೆಯನ್ನು ಫ್ರೆಂಚಿನಲ್ಲಿ ಮಾಡುತ್ತಿದ್ದರಂತೆ. ಅವರ ಮಕ್ಕಳಿಗೆ ಆ ಭಾಷೆ ಬಾರದಂತೆ. ಇದರ ಕಾರಣವನ್ನು ಉಪಾಧ್ಯಾಯರಾಗಿದ್ದ ನಾವು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆವು. ೧೯೨೧ರ ಸಂಸ್ಥಾನದ ರಾಜ್ಯಾಂಗವು ಪಾಠಶಾಲೆಗಳಲ್ಲಿ ಇಂಗ್ಲಿಷಿನಲ್ಲಿಯೇ ಬೋಧಿಸಬೇಕೆಂದು ವಿಧಿಸಿತು. ಮನೆಯಲ್ಲಿ ಫ್ರೆಂಚನ್ನಲ್ಲದೆ ಬೇರೊಂದನ್ನು ಕೇಳರಿಯದ ಆರು ವರ್ಷದ ಮಕ್ಕಳು ಶಾಲೆಗೆ ಬಂದು, ನೀರು ಬೇಕೆಂದು ಕೇಳಲೂ ಮಾತು ತೋಚದೆ ಕುಳಿತಿದ್ದರು. ತಾಯ್ನುಡಿಯಾಡಿದ ಮಕ್ಕಳನ್ನು ಹೊಡೆದರು. ಇನ್ನು ಮೇಲೆ ಶಾಲೆಯಲ್ಲಿ ಫ್ರೆಂಚ್ ಮಾತನಾಡುವುದಿಲ್ಲವೆಂದು ಹಲಗೆಯ ಮೇಲೆ ನೂರಾರು ಸಲ ಬರೆಯಿಸಿದರು. ಆ ಮಕ್ಕಳು ಬೆಳೆದು ತಾಯಿತಂದೆಗಳಾದಾಗ, ತಮಗಾದ ಅವಮಾನವು ತಮ್ಮ ಮಕ್ಕಳಿಗೆ ಬೇಡವೆಂದು, ಅವರೊಡನೆ ಇಂಗ್ಲಿಷನ್ನೇ ಆಡಿದರು. ದಂಡು ಹಡಗು ತಂದು ಮಾಡಲಾಗದುದನ್ನು ಪಾಠಶಾಲೆಯು ಬೆತ್ತದಿಂದ ಮಾಡಿತು. ೧೯೬೮ರಲ್ಲಿ ಸಂಸ್ಥಾನವೇ ಫ್ರೆಂಚನ್ನು ಉಳಿಸಲು ಒಂದು ಮಂಡಲಿಯನ್ನು ಸ್ಥಾಪಿಸಿತು. ಅದು ಈಗಲೂ ಕೆಲಸಮಾಡುತ್ತಿದೆ, ಫ್ರೆಂಚಿನಲ್ಲಿಯೇ ಪಾಠ ಹೇಳುವ ಶಾಲೆಗಳೂ ಕೆಲವು ನಡೆಯುತ್ತಿವೆ. ಅದಾದರೂ ಒಂದು ವಾಕ್ಯವನ್ನು ಸರಿಯಾಗಿ ಕಟ್ಟಲಾರದ ಮೊಮ್ಮಕ್ಕಳ ಬಾಯಲ್ಲಿಯೂ ರೂ, ಫಿಲೇ, ಆಂಡೂಯಿ ಎಂಬ ಶಬ್ದಗಳು ಅಳಿಯದೆ ನಿಂತಿವೆ. ಅಡಿಗೆಮನೆಗೆ ಇನ್ಸ್ಪೆಕ್ಟರು ಬರಲಿಲ್ಲವಷ್ಟೆ.

ಗಂಬೋ ಒಬ್ಬರಿಗೆ ಮಾಡುವ ಪಾಕವಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ವ್ರತವು ಆರಂಭವಾಗುವ ಹಿಂದಿನ ದಿನ, ಮಾರ್ಡಿ ಗ್ರಾ ಎಂಬ ಹಬ್ಬದಂದು, ಮಾಮೂ, ಯೂನಿಸ್ ಮೊದಲಾದ ಊರುಗಳಲ್ಲಿ ಮುಖವಾಡ ಹಾಕಿಕೊಂಡು ಉದ್ದನೆಯ ಮೊನೆಟೋಪಿ ಧರಿಸಿದ ಸವಾರರು ಮನೆಮನೆಗೂ ಹೋಗುವರು. ಮುಂದಾಳು ಬಿಳಿಯ ಬಾವುಟ ಹಿಡಿದು ಒಬ್ಬನೇ ಅಂಗಳಕ್ಕೆ ಹೋಗಿ ಯಜಮಾನನ ಅಪ್ಪಣೆ ಕೇಳುವನು. ಅಪ್ಪಣೆಯಾದರೆ ಉಳಿದವರು ನುಗ್ಗಿ, ಹಾಡಿ ಕುಣಿದು, ರಾತ್ರಿಯ ಗಂಬೋವಿಗೆ ಅಕ್ಕಿ, ಈರುಳ್ಳಿ, ಸಾಸೇಜು ಬೇಡುವರು. ಯಜಮಾನನು ಜೀವಂತವಾದ ಕೋಳಿಯನ್ನು ಗಾಳಿಗೆ ಹಾರಿಬಿಟ್ಟರೆ, ಕೆಸರುಗದ್ದೆಯಲ್ಲಿ ಬಿದ್ದೆದ್ದು ಅದನ್ನು ಹಿಡಿಯತಕ್ಕದ್ದು. ಬೇಡಿ ತಂದುದೆಲ್ಲವೂ ಸಂಜೆ ಒಂದೇ ಕೊಪ್ಪರಿಗೆಯಲ್ಲಿ ಬೆಂದು, ಕೊಟ್ಟವರೂ ಬೇಡಿದವರೂ ಕೂಡಿ ಉಣ್ಣುವರು.

ಆ ನಲವತ್ತು ದಿನಗಳ ವ್ರತವೇ ನಮ್ಮಂತಹವರಿಗೆ ದಾರಿ ತೋರಿಸಿತು. ಮಾಂಸವನ್ನು ವರ್ಜಿಸುವ ಆ ದಿನಗಳಿಗೆಂದು ಲೂಯಿಸಿಯಾನದವರು ಸೊಪ್ಪಿನ ಗಂಬೋ ಮಾಡುವರು. ಇದನ್ನು 'ಗಂಬೋ ಜೆರ್ಬ್' ಎನ್ನುವರು. ಏಳೋ, ಒಂಬತ್ತೋ, ಹನ್ನೊಂದೋ ಬಗೆಯ ಸೊಪ್ಪುಗಳಿರಬೇಕು, ಎಣಿಕೆ ಬೆಸವಾಗಿರಬೇಕು, ಎಷ್ಟು ಬಗೆಯ ಸೊಪ್ಪೋ ಅಷ್ಟು ಹೊಸ ಸ್ನೇಹಿತರು ಆ ವರ್ಷ ದೊರೆಯುವರೆಂದು ನಂಬಿಕೆ. ನ್ಯೂ ಆರ್ಲಿಯನ್ಸಿನ ಲೀಯಾ ಚೇಸ್ ಎಂಬ ಪ್ರಸಿದ್ಧ ಪಾಕನಿಪುಣೆಯು (೧೯೨೩-೨೦೧೯) ಗುಡ್‌ಫ್ರೈಡೆಯ ಹಿಂದಿನ ಗುರುವಾರ ತನ್ನ ಭೋಜನಶಾಲೆಯಲ್ಲಿ ಇದನ್ನು ಬಡಿಸುತ್ತಿದ್ದಳು; ಅವಳ ಪಾತ್ರೆಯಲ್ಲಿ ಮಾಂಸವೂ ಇರುತ್ತಿತ್ತೆಂಬುದನ್ನು ಹೇಳದಿದ್ದರೆ ಮೇಲೆ ಮಾಡಿದ ಪ್ರತಿಜ್ಞೆಗೆ ಭಂಗವಾಗುವುದು. ಮಾಂಸವಿಲ್ಲದೆ ಮಾಡುವ ಮನೆಗಳೂ ಉಂಟು.

ಸಾಸಿವೆಸೊಪ್ಪು, ಮೂಲಂಗಿಸೊಪ್ಪು, ಬೀಟ್‌ರೂಟಿನ ಸೊಪ್ಪು, ಪಾಲಕ್, ಎಲೆಕೋಸು, ಎಳೆ ಈರುಳ್ಳಿಸೊಪ್ಪು, ಗೆಡ್ಡೆಕೋಸಿನ ಎಲೆ: ಏಳಾಯಿತು, ಎಲ್ಲವೂ ಕೂಡಿ ಒಂದೂವರೆ ಕಿಲೋ. ನಾಲ್ಕಾರು ನೀರಿನಲ್ಲಿ ತೊಳೆದು, ಎರಡು ಲೀಟರು ನೀರಿನಲ್ಲಿ ಅರ್ಧ ಗಂಟೆ ಬೇಯಿಸಿ, ಬಸಿದುಕೊಂಡು, ಕಟ್ಟನ್ನು ಚೆಲ್ಲದೆ ಇಟ್ಟುಕೊಳ್ಳುವುದು. ಬೆಂದ ಸೊಪ್ಪಿನಲ್ಲಿ ಅರ್ಧವನ್ನು ಸಣ್ಣಗೆ ಹೆಚ್ಚಿ, ಉಳಿದರ್ಧವನ್ನು ಮಸೆಯುವುದು. ಅರ್ಧ ಬಟ್ಟಲು ಎಣ್ಣೆ, ಅರ್ಧ ಬಟ್ಟಲು ಮೈದಾದಿಂದ ರೂ ಮಾಡಿ, ಇದಕ್ಕೆ ತಾಮ್ರದ ಬಣ್ಣ ಬಂದರೆ ಸಾಕು, ಈರುಳ್ಳಿ ಮೊದಲಾದ ಮೂರನ್ನೂ ಬೆಳ್ಳುಳ್ಳಿಯನ್ನೂ ಬಾಡಿಸಿ, ಕಟ್ಟನ್ನೆರೆದು, ಸೊಪ್ಪನ್ನು ಬೆರೆಸಿ, ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸುವುದು. ನೋಟಕ್ಕೆ ಮಸ್ಸೊಪ್ಪಿನ ದಾಯಾದಿಯಂತಿರುವುದು. ಬಾಯಿಗಿಟ್ಟಾಗ ಹುರಿದ ಹಿಟ್ಟಿನ ರುಚಿಯು ಬೇರೆಯೇ ದೇಶಕ್ಕೆ ಕರೆದೊಯ್ಯುವುದು. ಬೇಳೆ, ತೆಂಗಿನಕಾಯಿ, ಹುಣಿಸೆಹಣ್ಣು ಹಾಕಬೇಕೆಂದು ಕೈ ತುಡಿಯುವುದು ಸಹಜ, ತಡೆದುಕೊಳ್ಳಬೇಕು.

ನಮ್ಮ ಮನೆಯಲ್ಲಿ ಆದುದು ಬೆಂಡೆಯದು. ಎಳೆ ಬೆಂಡೆಕಾಯಿ ಅರ್ಧ ಕಿಲೋ ತೊಳೆದೊರಸಿ, ಬಿಲ್ಲೆಬಿಲ್ಲೆಯಾಗಿ ಕೊಯ್ದು, ಒಂದು ಚಮಚ ವಿನೆಗರಿನೊಡನೆ ಎಣ್ಣೆಯಲ್ಲಿ ಲೋಳೆ ಹೋಗುವವರೆಗೂ ಬೇರೆಯಾಗಿ ಹುರಿದುಕೊಳ್ಳಬೇಕು. ಇದಕ್ಕೆ ಕಬ್ಬಿಣದ ಬಾಣಲೆ ಬೇಡ, ಬೆಂಡೆ ಕಪ್ಪಾಗುವುದು. ಆಮೇಲೆ ಮೇಲಿನಂತೆಯೇ ಅರ್ಧ ಬಟ್ಟಲಿನ ರೂ, ಮೂರು ತರಕಾರಿ, ಬೆಳ್ಳುಳ್ಳಿ, ಎರಡು ಲೀಟರು ತರಕಾರಿಯ ಕಟ್ಟು. ಅದು ಅರ್ಧ ಗಂಟೆ ಕುದಿದ ಮೇಲೆ ಬೆಂಡೆಯನ್ನು ಸೇರಿಸಿ ಇನ್ನರ್ಧ ಗಂಟೆ. ನಮ್ಮ ಪೇಟೆಯಲ್ಲಿ ಸೆಲೆರಿ ಸಿಕ್ಕಲಿಲ್ಲ. ಜಿಲ್ಲೆಯ ಮುಖ್ಯಪಟ್ಟಣದಿಂದ ತರಿಸಬೇಕಾಯಿತು. ಅದಿಲ್ಲದೆ ಮಾಡಿದರೆ ಏನೋ ಒಂದು ಕೊರತೆ ತೋರುವುದೆಂದು ಮಗಳು ಹೇಳಿದಳು. ಊಟಕ್ಕೆ ಕುಳಿತ ಮಕ್ಕಳು ಬಣ್ಣವನ್ನು ನೋಡಿ ಮೊದಲು ಮೂಗುಮುರಿದರು. ಎರಡನೆಯ ಸಲ ಬಡಿಸುವ ಹೊತ್ತಿಗೆ ಪಾತ್ರೆಯ ತಳ ಕಂಡಿತು.

ಗಂಬೋ ಮಾಡಿದ ದಿನಕ್ಕಿಂತ ಮರುದಿನ ರುಚಿ ಹೆಚ್ಚೆಂದು ಅಲ್ಲಿಯ ಎಲ್ಲರ ಅಭಿಪ್ರಾಯ. ಆದುದರಿಂದ ಮಿಗುವಷ್ಟೇ ಮಾಡುವರು. ಮಿಕ್ಕುದನ್ನು ಹೊರಗೆ ಬಹಳ ಹೊತ್ತು ಬಿಡದೆ, ಅಗಲವಾದ ಚಿಕ್ಕ ಪಾತ್ರೆಗಳಿಗೆ ಬಗ್ಗಿಸಿ ಬೇಗನೆ ಆರಿಸಿ, ಶೀತಪೆಟ್ಟಿಗೆಯಲ್ಲಿಡಬೇಕು; ಅನ್ನವನ್ನು ಅದರೊಳಗೆ ಬೆರೆಸಿಡಬಾರದು, ರಸವನ್ನೆಲ್ಲ ಹೀರಿ ಗಂಜಿಯಾಗುವುದು. ಯಾರಾದರೂ ಅಮೆರಿಕಾದಿಂದ ಬರುವಾಗ ಫಿಲೇ ಪುಡಿಯನ್ನು ತಂದುಕೊಟ್ಟಿದ್ದರೆ, ಅದನ್ನು ಇಡೀ ಪಾತ್ರೆಗೆ ಹಾಕದೆ ಬಟ್ಟಲು ಬಟ್ಟಲಿಗೆ ಉದುರಿಸಿಕೊಳ್ಳುವುದು. ಪಾತ್ರೆಗೆ ಹಾಕಿದ್ದರೆ ಮರುದಿನ ಬಿಸಿಮಾಡುವಾಗ ಎಳೆಬಿಡುವುದು.